ಪ್ಲಾನ್ ಯಾರ ಹೆಸರಿನಲ್ಲಿ, ಕಾಗದ ಯಾರ ಕೈಗೆ

ಅಮೆರಿಕದ ಕಂಪನಿಗಳಲ್ಲಿ ಮುಂದಿನ ವರ್ಷದ ವಿಮೆ ಆರಿಸಿಕೊಳ್ಳುವ ಓಪನ್ ಎನ್‌ರೋಲ್‌ಮೆಂಟ್ ನಡೆಯುವ ಅಕ್ಟೋಬರ್-ನವೆಂಬರ್ ಬಂತೆಂದರೆ ಕೌನ್ಸೆಲರ್ ಆದ ನನ್ನ ಬಳಿ ಇಂಥ ದಂಪತಿಗಳು ಬರುತ್ತಲೇ ಇರುತ್ತಾರೆ. ಇಬ್ಬರಿಗೂ ಕೆಲಸ, ಇಬ್ಬರ ಆಫೀಸಿನಲ್ಲೂ ಆರೋಗ್ಯ ವಿಮೆ. ಎರಡನ್ನೂ ಒಂದು ಮಾಡಿದರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಮಾತ್ರ ಒಬ್ಬರ ಕೈಯಲ್ಲಿ. ಹೊರಗೆ ಕಾಣುವುದು ದುಡ್ಡಿನ ಜಗಳ. 2025ರ ಕೊನೆಯ ಈ ಪ್ರಕರಣದಲ್ಲಿ ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಗಂಡನದು ಹೈ ಡಿಡಕ್ಟಿಬಲ್ ಪ್ಲಾನ್, ಅಂದರೆ ವರ್ಷದಲ್ಲಿ ಒಂದು ದೊಡ್ಡ ಮೊತ್ತ (ಡಿಡಕ್ಟಿಬಲ್) ಕೈಯಿಂದ ಕೊಟ್ಟ ಮೇಲಷ್ಟೇ ವಿಮೆ ಕೊಡತೊಡಗುವಂಥದು. ಅದರಲ್ಲಿ ಆತ, ಮಗಳು. ಜೊತೆಗೆ, ಇಂಥ ಪ್ಲಾನ್ ಇರುವವರು ವೈದ್ಯಕೀಯ ಖರ್ಚಿಗೆ ತೆರಿಗೆಯಿಲ್ಲದೆ ಕೂಡಿಡುವ ಎಚ್‌ಎಸ್‌ಎ ಖಾತೆಗೆ ಕುಟುಂಬದ ಪೂರ್ತಿ ಮಿತಿ, ಅಂದರೆ 2025ಕ್ಕೆ 8,550 ಡಾಲರ್, ಸಂಬಳದಿಂದಲೇ ಹೋಗುತ್ತಿತ್ತು. ಹೆಂಡತಿ ತನ್ನ ಆಫೀಸಿನ ಪಿಪಿಒ ಎಂಬ ಬಗೆಯ ಪ್ಲಾನಿನಲ್ಲಿ ಒಬ್ಬಳೇ. ಆಕೆಯನ್ನೂ ತನ್ನ ಪ್ಲಾನಿಗೆ ಸೇರಿಸಿಕೊಂಡರೆ ಪ್ರೀಮಿಯಮ್ಮಿನಲ್ಲಿ ತಿಂಗಳಿಗೆ 140 ಡಾಲರ್ ಉಳಿತಾಯ ಎಂದು ಆತ ಎಕ್ಸೆಲ್ ಶೀಟ್ ಹಿಡಿದುಕೊಂಡೇ ಬಂದಿದ್ದ. ಆಕೆ ಬೇಡ ಅನ್ನುತ್ತಿದ್ದಳು, ಕಾರಣ ಹೇಳುತ್ತಿರಲಿಲ್ಲ. "ಏನು ಕೇಳಿದರೂ ‘ಇರಲಿ ಬಿಡಿ’ ಅಂತಾಳೆ ಮೇಡಂ. ವರ್ಷಕ್ಕೆ 1,680 ಡಾಲರ್ ಯಾರು ಬಿಡ್ತಾರೆ?" ಎಂಬುದು ಆತನ ದೂರು.

ಬೇರೆ ಬೇರೆಯಾಗಿ ಮಾತಾಡಿದಾಗ ಹೇಳಿದ್ದು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ ಎಂದು ಮೊದಲೇ ಒಪ್ಪಂದವಾಗಿತ್ತು. ಒಬ್ಬಳೇ ಬಂದ ದಿನ ಆಕೆ ಬಾಯಿ ಬಿಟ್ಟಳು. "ಅವರ ಪ್ಲಾನಿಗೆ ಹೋದರೆ ಕಾಗದ ಅವರ ಹೆಸರಿಗೆ ಬರುತ್ತೆ."

ಎರಡು ವಾರಕ್ಕೊಮ್ಮೆ ಆಕೆ ಖಿನ್ನತೆಗೆ ಥೆರಪಿಸ್ಟ್ ಬಳಿ ಹೋಗುತ್ತಿದ್ದಳು. ಗಂಡನಿಗೆ ಗೊತ್ತಿರಲಿಲ್ಲ. ಪ್ರತಿ ಕ್ಲೇಮಿಗೂ ವಿಮಾ ಕಂಪನಿ ಇಒಬಿ ಎಂಬ ಹೇಳಿಕೆ ಕಳಿಸುತ್ತದೆ. ಯಾರ ಬಳಿ ಹೋದಿರಿ, ಯಾವ ದಿನ, ಎಷ್ಟು ಬಿಲ್ ಎಂಬುದೆಲ್ಲ ಅದರಲ್ಲಿರುತ್ತದೆ. ಸಾಮಾನ್ಯವಾಗಿ ಅದು ಹೋಗುವುದು ಪ್ಲಾನ್ ಯಾರ ಹೆಸರಿನಲ್ಲಿದೆಯೋ ಅವರಿಗೆ. ಕ್ಯಾಲಿಫೋರ್ನಿಯಾದಲ್ಲಿ 2022ರ ಜುಲೈಯಿಂದ, ಮಾನಸಿಕ ಆರೋಗ್ಯದಂಥ ಸೇವೆಗಳ ಕಾಗದ ಚಿಕಿತ್ಸೆ ಪಡೆದವರಿಗೇ ಹೋಗಬೇಕೆಂಬ ಕಾನೂನಿದೆ. ಬೇರೆ ಕಡೆ, ಮಾಹಿತಿ ಹೊರಬಿದ್ದರೆ ಅಪಾಯವಿದೆ ಎಂದು ತಿಳಿಸಿ ವಿಮಾ ಕಂಪನಿಗೆ ಬೇರೆ ವಿಳಾಸ ಕೊಡಬಹುದು. ಆಕೆಗೆ ಅಪಾಯವೇನೂ ಇರಲಿಲ್ಲ. ಸಂಕೋಚವಿತ್ತು, ಊರಿಗೆ ಸುದ್ದಿ ಹೋದೀತೆಂಬ ಅಂಜಿಕೆಯಿತ್ತು.

ನಾನು ಕೊಟ್ಟ ಮೊದಲ ಸಲಹೆ, ನಿನ್ನ ಪ್ಲಾನಿನಲ್ಲೇ ಇರು. ಗುಟ್ಟು ಮುಚ್ಚಿಡಲು ಕೌನ್ಸೆಲರೇ ಕೈಜೋಡಿಸಿದರು ಎಂದು ಕೆಲವರು ಅನ್ನಬಹುದು. ಅನ್ನಲಿ. ಚಿಕಿತ್ಸೆಯ ವಿಷಯ ಯಾವಾಗ, ಯಾರಿಗೆ ಹೇಳಬೇಕೆಂಬುದು ಚಿಕಿತ್ಸೆ ಪಡೆಯುವವರ ಹಕ್ಕು. ವಿಮೆಯ ಫಾರಂ ತುಂಬುವ ಕೊನೆಯ ತಾರೀಖು ಅದನ್ನು ನಿರ್ಧರಿಸಬಾರದು. ಒತ್ತಾಯಕ್ಕೆ ಬಾಯಿಬಿಟ್ಟವರು ಮುಂದಿನ ತಿಂಗಳು ಥೆರಪಿಯನ್ನೇ ನಿಲ್ಲಿಸಿಬಿಡುವುದುಂಟು.

ಲೆಕ್ಕವೂ ಆಕೆಯ ಕಡೆಗೇ ಇತ್ತು. ಸ್ವಂತ ಆಫೀಸಿನಲ್ಲಿ ವಿಮೆ ಸಿಗುವ ಸಂಗಾತಿಯನ್ನು ಸೇರಿಸಿಕೊಂಡರೆ ಗಂಡನ ಕಂಪನಿ ತಿಂಗಳಿಗೆ 100 ಡಾಲರ್ ಸರ್‌ಚಾರ್ಜ್ ಹಾಕುತ್ತಿತ್ತು. ಎಕ್ಸೆಲ್ ಶೀಟಿನಲ್ಲಿ ಆ ಸಾಲೇ ಇರಲಿಲ್ಲ. ಹಿಡಿದರೆ 1,680 ಹೋಗಿ 480 ಆಗುತ್ತದೆ. ಇಷ್ಟನ್ನು ಗಂಡನ ಮುಂದೆಯೂ ಧಾರಾಳವಾಗಿ ಹೇಳಬಹುದು. ಇನ್ನುಳಿದದ್ದು ಆಕೆಗೆ ಮಾತ್ರ. ಪಿಪಿಒದಲ್ಲಿ ಭೇಟಿಗೆ ಕೈಯಿಂದ ಕೊಡುವ ಕೋಪೇ 30 ಡಾಲರ್, 26 ಭೇಟಿಗೆ 780. ಗಂಡನ ಪ್ಲಾನಿನಲ್ಲಿ ಡಿಡಕ್ಟಿಬಲ್ ಮುಗಿಯುವವರೆಗೆ ಭೇಟಿಗೆ ಪೂರ್ತಿ 150. ಕುಟುಂಬದ ಡಿಡಕ್ಟಿಬಲ್ 4,000 ಇದ್ದುದರಿಂದ, ಬೇರೆ ಖರ್ಚು ಬಾರದಿದ್ದರೆ 26 ಭೇಟಿಯ 3,900ವೂ ಕೈಯಿಂದಲೇ. ಪ್ರತಿ ಪ್ಲಾನಿನ ಜೊತೆ ಕೊಡುವ ಎಸ್‌ಬಿಸಿ ಎಂಬ ಸಾರಾಂಶದಲ್ಲಿ ಮಾನಸಿಕ ಆರೋಗ್ಯಕ್ಕೇ ಒಂದು ಪ್ರತ್ಯೇಕ ಸಾಲಿರುತ್ತದೆ. ಪ್ರೀಮಿಯಂ ನೋಡುವ ಮೊದಲು ಅದನ್ನು ಓದಿ.

ಇಷ್ಟಕ್ಕೇ ಮುಗಿಯಬೇಕಿತ್ತು. ಎದ್ದು ಹೊರಡುವಾಗ ಆಕೆ ಅಂದಳು: "ಕೋಪೇಗೆ ತೊಂದರೆ ಇಲ್ಲ ಮೇಡಂ, ಎಫ್‌ಎಸ್‌ಎಯಲ್ಲಿ 800 ಇಟ್ಟಿದ್ದೀನಿ. ಕಾರ್ಡ್ ನನ್ನ ಹತ್ತಿರಾನೇ ಇರುತ್ತೆ."

ತೊಡಕು ಅಲ್ಲೇ ಇತ್ತು. ಎಫ್‌ಎಸ್‌ಎ ಎಂದರೆ ವೈದ್ಯಕೀಯ ಖರ್ಚಿಗೆಂದು ಆಫೀಸಿನ ಮೂಲಕ, ತೆರಿಗೆಗೆ ಮೊದಲೇ, ಸಂಬಳದಿಂದ ತೆಗೆದಿಡುವ ಹಣ. ಸಾಮಾನ್ಯ ಹೆಲ್ತ್ ಎಫ್‌ಎಸ್‌ಎಯಿಂದ ಗಂಡ ಹೆಂಡತಿ ಇಬ್ಬರ ವೈದ್ಯಕೀಯ ಖರ್ಚನ್ನೂ ಕೊಡಬಹುದು. ಹಾಗಾಗಿ ಅದು ಗಂಡನಿಗೂ ಇನ್ನೊಂದು ವಿಮೆ ಇದ್ದಂತೆ ಎಂದು ತೆರಿಗೆ ಇಲಾಖೆ ಎಣಿಸುತ್ತದೆ. ಆತ ಅದರಿಂದ ಒಂದು ಡಾಲರನ್ನೂ ಮುಟ್ಟದಿದ್ದರೂ ಎಚ್‌ಎಸ್‌ಎಗೆ ಹಣ ಹಾಕುವ ಅರ್ಹತೆ ಕಳೆದುಕೊಳ್ಳುತ್ತಾನೆ. ಆಕೆಯ 800 ಡಾಲರ್ ಆತನ 8,550 ಡಾಲರನ್ನು ಪೂರ್ತಿ ಅನರ್ಹ ಮಾಡಿತ್ತು. ಆ ಹಣವನ್ನು ಎಚ್‌ಎಸ್‌ಎಯಿಂದ ತೆಗೆಯದೇ ಬಿಟ್ಟರೆ ಆದಾಯ ತೆರಿಗೆಯಲ್ಲದೆ ಆ ಮೊತ್ತಕ್ಕೆ ವರ್ಷವರ್ಷವೂ ಶೇ. 6ರ ದಂಡ, ಮೊದಲ ವರ್ಷಕ್ಕೇ 513 ಡಾಲರ್. ಎರಡು ಆಫೀಸಿನ ಎಚ್‌ಆರ್‌ಗಳು ಒಬ್ಬರನ್ನೊಬ್ಬರು ಕೇಳುವುದಿಲ್ಲ, ಪೋರ್ಟಲ್ ತಡೆಯುವುದೂ ಇಲ್ಲ.

ಇಲ್ಲಿ ನನ್ನ ಸಲಹೆ ಬದಲಾಯಿತು. ಥೆರಪಿಯ ವಿಷಯ ನಿನ್ನದು, ಎಫ್‌ಎಸ್‌ಎ ವಿಷಯ ಇಬ್ಬರದು, ಅದನ್ನು ಹೇಳಲೇಬೇಕು ಎಂದೆ. ಆತನ ತೆರಿಗೆ ರಿಟರ್ನಿನಲ್ಲಿ ತಪ್ಪಾಗುವುದು ಗೊತ್ತಿದ್ದೂ ಸುಮ್ಮನಿರುವುದನ್ನು ಖಾಸಗಿತನ ಎನ್ನಲಾಗದು. ಮುಂದಿನ ಜಂಟಿ ಭೇಟಿಯಲ್ಲಿ ಆಕೆ ಹೇಳಿದಳು. "800 ಯಾತಕ್ಕೆ ಇಟ್ಟೆ?" "ಡಾಕ್ಟರ ಫೀಸಿಗೆ ರೀ. ಯಾವ ಡಾಕ್ಟರು ಅಂತ ಈಗ ಕೇಳಬೇಡಿ, ನಾನೇ ಹೇಳ್ತೀನಿ." ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಈಗ ಇದನ್ನು ಸರಿ ಮಾಡೋದು ಹೇಗೆ?" ಎಂದ. ಆ ಪ್ರಶ್ನೆ ನನಗೆ ಸಾಕಿತ್ತು.

ಆಕೆ 2026ಕ್ಕೆ ಎಫ್‌ಎಸ್‌ಎ ಆಯ್ಕೆ ಮಾಡಲಿಲ್ಲ. ಬೇಕಿದ್ದರೆ ಹಲ್ಲು, ಕಣ್ಣಿಗಷ್ಟೇ ಸೀಮಿತವಾದ ಎಫ್‌ಎಸ್‌ಎ ತೆಗೆದುಕೊಳ್ಳಬಹುದು, ಅದು ಎಚ್‌ಎಸ್‌ಎಗೆ ಅಡ್ಡ ಬರುವುದಿಲ್ಲ. ಕೋಪೇಯನ್ನು ತನ್ನ ಖಾತೆಯಿಂದ ಕೊಡುವುದೆಂದಾಯಿತು. ಶೇ. 22ರ ತೆರಿಗೆ ಹಂತದಲ್ಲಿ, ಸಂಬಳದ ಮೇಲಿನ ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆಯೂ ಸೇರಿ, ಇದರಿಂದ ಸುಮಾರು 230 ಡಾಲರ್ ನಷ್ಟ. ಆತನ 2026ರ ಎಚ್‌ಎಸ್‌ಎ ಮಿತಿ 8,750, ಅದರಲ್ಲಿ ಉಳಿಯುವ ತೆರಿಗೆ ಸುಮಾರು 2,600. ಎಫ್‌ಎಸ್‌ಎಯಲ್ಲಿ ಮಿಕ್ಕಿದ್ದನ್ನು ಡಿಸೆಂಬರ್ 31ರೊಳಗೆ ಪೂರ್ತಿ ಖರ್ಚು ಮಾಡಲು ಹೇಳಿದೆ. ಇಪ್ಪತ್ತೇ ಡಾಲರ್ ಸಾಮಾನ್ಯ ಎಫ್‌ಎಸ್‌ಎಯಾಗಿ ಮುಂದಿನ ವರ್ಷಕ್ಕೆ ಹೋದರೂ ಆ ವರ್ಷವಿಡೀ ಎಚ್‌ಎಸ್‌ಎ ಕೈತಪ್ಪುತ್ತದೆ.

ಗಂಡ ಎಚ್‌ಎಸ್‌ಎ ಕಂಪನಿಯಿಂದ ಹೆಚ್ಚುವರಿ ಹಣ ವಾಪಸಾತಿಯ ಫಾರಂ ತರಿಸಿಕೊಂಡ. ರಿಟರ್ನ್ ಸಲ್ಲಿಸುವ ಗಡುವಾದ 2026ರ ಏಪ್ರಿಲ್ 15ರೊಳಗೆ ಅಸಲನ್ನು ಗಳಿಕೆ ಸಮೇತ ತೆಗೆದರೆ ಶೇ. 6ರ ದಂಡವಿಲ್ಲ. ಅಸಲು 2025ರ ಆದಾಯಕ್ಕೂ, ಗಳಿಕೆ ತೆಗೆದ ವರ್ಷದ ಆದಾಯಕ್ಕೂ ಸೇರುತ್ತದೆ. ಪೋರ್ಟಲಿನ ಮಾಮೂಲಿ ವಿತ್‌ಡ್ರಾ ಗುಂಡಿ ಒತ್ತಿ ತೆಗೆಯಲು ಹೊರಟಿದ್ದನಂತೆ. ಹಾಗೆ ತೆಗೆದರೆ ಅದು ವೈದ್ಯಕೀಯೇತರ ಖರ್ಚೆಂದು ದಾಖಲಾಗಿ, ತೆರಿಗೆಯ ಜೊತೆಗೆ ಆ ಮೊತ್ತದ ಶೇ. 20 ದಂಡ ಬೀಳುತ್ತದೆ.