ಸಂಪಾದಕರ ಉತ್ತರ: ಮಲೆನಾಡಿನಲ್ಲಿ ಮಳೆ ನೆಪ ಆಗುವುದಿಲ್ಲ

ಕಳಸದ ಓದುಗರೊಬ್ಬರು ಬರೆದಿದ್ದಾರೆ: "ಕುದುರೆಮುಖದ ಗಣಿಯಿಂದ ಭದ್ರೆಗೆ ಮಣ್ಣು ಹರಿಯಿತು ಎಂದು ನೀವು ಪದೇ ಪದೇ ಬರೆಯುತ್ತೀರಿ. ಆ ಪಾಟಿ ಮಳೆ ಹೊಡೆದರೆ ಯಾವ ಚರಂಡಿ ತಡೆಯುತ್ತದೆ? 2019ರಲ್ಲಿ ಮಲೆಮನೆಯಲ್ಲಿ ಗುಡ್ಡ ಕುಸಿಯಿತಲ್ಲ, ಅಲ್ಲಿ ಯಾವ ಕಂಪನಿ ಇತ್ತು? ಕೆಲಸ ಹೋದವರ ಕಷ್ಟ ನಿಮಗೆ ಕಾಣುವುದಿಲ್ಲವೇ?"

ಕಾಣುತ್ತದೆ. 2005ರ ಡಿಸೆಂಬರ್ 31ಕ್ಕೆ ಆ ಕಬ್ಬಿಣದ ಅದಿರಿನ ಗಣಿ ನಿಂತ ಮೇಲೆ ಆ ಟೌನ್‌ಶಿಪ್ ಖಾಲಿಯಾಗುತ್ತಾ ಹೋಯಿತು. ಎಷ್ಟೋ ಮನೆಗಳ ಅನ್ನ ಹೋಯಿತು. ಮಲೆಮನೆ ವಿಷಯದಲ್ಲೂ ನಿಮ್ಮ ಮಾತು ತೆಗೆದುಹಾಕುವುದಿಲ್ಲ. ಗಣಿ ಇಲ್ಲದ ಕಡೆಯೂ ಗುಡ್ಡ ಕುಸಿಯುತ್ತದೆ.

ಆದರೆ ಅಲ್ಲ ಮಾರಾಯರೇ, ಕಳಸದಲ್ಲಿ ಕೂತು ಮಳೆ ಜಾಸ್ತಿ ಬಂತು ಅನ್ನುತ್ತೀರಲ್ಲ! ಆಶ್ಲೇಷ ಮಳೆ ಈಸಲಾರದ ಹೊಳೆ ಅಂತ ನಮ್ಮ ಹಿರಿಯರು ಹೇಳಿದ್ದು ಈ ಗಣಿ ಕಂಪನಿ ಹುಟ್ಟುವ ಎಷ್ಟೋ ಮೊದಲು. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ತೋಟದವರ ಲೆಕ್ಕದಲ್ಲಿ 275 ಇಂಚು. 1976ರಲ್ಲಿ ಕಂಪನಿ ಕಟ್ಟಿದವರಿಗೆ ಇದು ಗೊತ್ತಿರಲಿಲ್ಲವೇ?

ಬಾಳೆಹೊನ್ನೂರು ಕಡೆ ನನಗೊಬ್ಬರು ಹಳೇ ಪ್ಲಾಂಟರ್ ಪರಿಚಯ. ದೊಡ್ಡ ತೋಟವೇನಲ್ಲ. ಮುಂಗಾರಿಗೆ ಮುಂಚೆ ಚರಂಡಿಯೆಲ್ಲ ಬಿಡಿಸುತ್ತಾರೆ. ಇಳಿಜಾರಿನಲ್ಲಿ ಕಾಫಿ ಸಾಲುಗಳ ನಡುವೆ ತೊಟ್ಟಿಲು ಗುಂಡಿಗಳಿವೆ. ಕೊಚ್ಚಿ ಬಂದ ಮಣ್ಣು, ತರಗೆಲೆ ಅದರಲ್ಲಿ ಕೂರುತ್ತದೆ. ಜಡಿಮಳೆಯಲ್ಲೇ ಕಂಬಳಿ ಕೊಪ್ಪೆ ಹಾಕಿಕೊಂಡು, ಗುದ್ದಲಿ ಹಿಡಿದು ತೋಟ ಸುತ್ತುತ್ತಾರೆ. ಯಾವ ಗುಂಡಿ ತುಂಬಿದೆ, ಎಲ್ಲಿ ನೀರು ಕಟ್ಟಿದೆ ಅಂತ ನೋಡಬೇಕಲ್ಲ. ಯಾವ ಇಲಾಖೆಯೂ ಅವರಿಗೆ ನೋಟಿಸ್ ಕೊಟ್ಟಿಲ್ಲ. ಗುಡ್ಡದ ಬೆನ್ನು ಕೆತ್ತಿ ತೆಗೆದ ಕಂಪನಿಯಿಂದ ಇಷ್ಟನ್ನು ಕೇಳಬಾರದೇ?

ನದಿ ಹೊರುವ ವರ್ಷದ ಹೂಳಿನಲ್ಲಿ ಬಹುಪಾಲು ಹರಿದುಬರುವುದು ಜೋರು ಮಳೆಯ ಕೆಲವೇ ದಿನಗಳಲ್ಲಿ. ಬೇಸಿಗೆಯಲ್ಲಿ ಬಾಟಲಿಗೆ ನೀರು ತುಂಬಿಸಿ ನೋಡಿದರೆ ಎಲ್ಲರೂ ಸಾಚಾ. ಬಿರುಮಳೆಯ ದಿನ ಲೆಕ್ಕಕ್ಕೆ ಹಿಡಿಯಬೇಡಿ ಎಂದರೆ ಹಾನಿಯನ್ನೇ ಲೆಕ್ಕಕ್ಕೆ ಹಿಡಿಯಬೇಡಿ ಎಂದ ಹಾಗೆ.

ಈ ವಾದ ನಮ್ಮೂರಿನದು ಮಾತ್ರವಲ್ಲ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ 1972ರ ಫೆಬ್ರವರಿ 26ರಂದು, ಮಳೆಯ ನಡುವೆ, ಬಫಲೋ ಕ್ರೀಕ್ ಎಂಬಲ್ಲಿ ಕಲ್ಲಿದ್ದಲು ಗಣಿಯ ಕಸರು, ಅಂದರೆ ತೊಳೆದು ಉಳಿದ ಕೆಸರು, ತಡೆದಿದ್ದ ಒಡ್ಡು ಒಡೆಯಿತು. 125 ಜನ ಸತ್ತರು. ಕಂಪನಿ ಏನು ಹೇಳಿತು ಗೊತ್ತೇ? ಇದು ದೈವದ ಕೆಲಸ ಅಂತ! ಒಡ್ಡು ಕಟ್ಟಿದ್ದು ದೇವರಲ್ಲ, ಕಂಪನಿ. ನಮ್ಮ ಸುಪ್ರೀಂ ಕೋರ್ಟ್ 1986ರ ಡಿಸೆಂಬರ್‌ನಲ್ಲಿ, ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ, ಅಪಾಯಕಾರಿ ಉದ್ಯಮ ನಡೆಸುವವರಿಗೆ ಇಂಥ ವಿನಾಯಿತಿ ಇಲ್ಲ ಎಂದಿತು. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯೂ ಅಷ್ಟೇ. ಅವಘಡವಾದರೆ ಪರಿಹಾರ ಕೊಡಿಸಲು ತಪ್ಪು ಸಾಬೀತಾಗಬೇಕಿಲ್ಲ.

ಕುದುರೆಮುಖದ ಗುತ್ತಿಗೆ 1999ಕ್ಕೇ ಮುಗಿದಿತ್ತು. ಮುಂದುವರಿಸಲು ಕಂಪನಿ ಹೋರಾಡಿತು. 2002ರ ಅಕ್ಟೋಬರ್ 30ರಂದು ಕೋರ್ಟ್ 2005ರ ಕೊನೆಗೆ ಮುಗಿಸಿ ಎಂದಿತು. ಆ ತೀರ್ಪು ಬಾರದಿದ್ದರೆ ಲಕ್ಕವಳ್ಳಿಯ ಭದ್ರಾ ಡ್ಯಾಮಿಗೆ ಇನ್ನೆಷ್ಟು ಹೂಳು ಹೋಗುತ್ತಿತ್ತು, ಹೇಳಿ.

ಈಗ ಈ ಮಾತು ಎಲ್ಲರ ಬಾಯಿಗೂ ಬಂದುಬಿಟ್ಟಿದೆ, ಅದೇ ನನಗೆ ಸಂಕಟ. ಸಕಲೇಶಪುರದ ದೋಣಿಗಾಲ್ ಬಳಿ ಹೆದ್ದಾರಿ ಕುಸಿದರೆ ಮಳೆ ಕಾರಣ. ಹೋಂಸ್ಟೇಗೆಂದು ಜೆಸಿಬಿ ತಂದು ಗುಡ್ಡವನ್ನು ನೆಟ್ಟಗೆ ಕಡಿದು, ಮಣ್ಣನ್ನು ಹಳ್ಳಕ್ಕೆ ತಳ್ಳಿದರೂ ಮಳೆ ಕಾರಣ. ಮಳೆಗೆ ವಕೀಲರಿಲ್ಲ. ಅದಕ್ಕೇ ಎಲ್ಲರೂ ಅದರ ಮೇಲೇ ಹಾಕುತ್ತಾರೆ.

ನಿಮ್ಮ ಕಾಳಜಿ ನಿಜವಾದದ್ದು. ಅದನ್ನು ಸುಮ್ನೆ ಕಂಪನಿ ಪರ ಖರ್ಚು ಮಾಡಬೇಡಿ. ಗಣಿಯ ಕಸರು ತುಂಬಿದ ಲಕ್ಯಾ ಅಣೆಕಟ್ಟು, ಸುಮಾರು 100 ಮೀಟರ್ ಎತ್ತರದ್ದು, ನಿಮ್ಮೂರಿನ ಮೇಲ್ಗಡೆ ಹಾಗೇ ನಿಂತಿದೆ. ಎಷ್ಟು ಇಂಚು ಮಳೆ ತಡೆಯುತ್ತದೆ, ಹೆಚ್ಚಾದ ನೀರು ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂಬ ವಿವರವನ್ನು ಪ್ರತಿ ವರ್ಷ ಮೇ ತಿಂಗಳಲ್ಲೇ ಕಳಸದ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ ಎಂದು ಜಿಲ್ಲಾಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಪ್ರತಿ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಪೂರ್ತಿ ಅಚ್ಚು ಹಾಕುತ್ತೇವೆ.

— ಸಂ.