ಉಪಚುನಾವಣೆಯಲ್ಲಿ ಆಳುವ ಪಕ್ಷದ ಕ್ಷೇತ್ರ ಕೈತಪ್ಪಿದರೆ

ಪ್ರಶ್ನೆ: ಲೋಕಸಭೆಯ ಉಪಚುನಾವಣೆಯಲ್ಲಿ ಆಳುವ ಪಕ್ಷದ ಕ್ಷೇತ್ರ ವಿರೋಧ ಪಕ್ಷದ ಪಾಲಾದರೆ ಸರ್ಕಾರ ಅಲುಗಾಡುತ್ತದೆಯೇ? ಮುಂದಿನ ಚುನಾವಣೆಯ ಗಾಳಿ ಅದರಿಂದ ತಿಳಿಯುತ್ತದೆಯೇ? 2018ರಲ್ಲಿ ನಮ್ಮಲ್ಲಿ ನಡೆದದ್ದನ್ನೂ ಆ ಲೆಕ್ಕಕ್ಕೆ ಸೇರಿಸಬಹುದೇ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ಆಳುವ ಪಕ್ಷ ಯಾವುದೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಮಂಡ್ಯದಲ್ಲಿ ನಾವು ಆಳುವವರು ಎಂದರೆ ವಿಧಾನಸೌಧದವರು ಎಂದುಕೊಳ್ಳುತ್ತೇವೆ. ಲೋಕಸಭಾ ಸ್ಥಾನದ ಲೆಕ್ಕವಿರುವುದು ದೆಹಲಿಯಲ್ಲಿ. 2018ರ ನವೆಂಬರ್ 3ರಂದು ಬಳ್ಳಾರಿ, ಶಿವಮೊಗ್ಗ, ಮಂಡ್ಯ ಮೂರೂ ಕ್ಷೇತ್ರಗಳಲ್ಲಿ ಮತದಾನವಾದರೂ, ಕೇಂದ್ರದಲ್ಲಿ ಆಳುತ್ತಿದ್ದ ಬಿಜೆಪಿಯ ಸ್ಥಾನ ವಿರೋಧ ಪಕ್ಷದ ಕೈಸೇರಿದ್ದು ಬಳ್ಳಾರಿಯಲ್ಲಿ ಮಾತ್ರ. 2004ರಿಂದ ಬಿಜೆಪಿಯಲ್ಲಿದ್ದ ಆ ಕ್ಷೇತ್ರವನ್ನು ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳ ಅಂತರದಿಂದ ಗೆದ್ದರು. ಮಂಡ್ಯದಲ್ಲಿ ಜೆಡಿಎಸ್ ತನ್ನ ಸ್ಥಾನವನ್ನೇ ಉಳಿಸಿಕೊಂಡಿತು.

ಸರ್ಕಾರ ಅಲುಗಾಡುವ ಮಾತಿಗೆ ಉತ್ತರ ಚಿಕ್ಕದು. ಅದೇ ವರ್ಷ ಉತ್ತರ ಪ್ರದೇಶದಲ್ಲಿ ಮಾರ್ಚ್‌ನಲ್ಲಿ ಗೋರಖ್‌ಪುರ ಮತ್ತು ಫೂಲ್‌ಪುರ, ಮೇ ತಿಂಗಳಲ್ಲಿ ಕೈರಾನಾ ಬಿಜೆಪಿಯ ಕೈತಪ್ಪಿದವು. ಜುಲೈನಲ್ಲಿ ಕೇಂದ್ರ ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯ ಮತಕ್ಕೆ ಬಂದಾಗ ನಿರ್ಣಯದ ಪರವಾಗಿ ಬಿದ್ದದ್ದು 126, ವಿರುದ್ಧ 325. ಸರ್ಕಾರ ಅಲುಗಾಡಲಿಲ್ಲ. ಬಹುಮತ ತೀರಾ ತೆಳುವಾಗಿದ್ದರೆ ಮಾತ್ರ ಒಂದೊಂದು ಸ್ಥಾನವೂ ಭಾರವಾಗುತ್ತದೆ. ಮೈಸೂರಿನ ಚಾಮುಂಡೇಶ್ವರಿಯ ನೆನಪು ಹಲವರಿಗಿರಬಹುದು, ಅದು ವಿಧಾನಸಭೆಯದಾದರೂ. ಜೆಡಿಎಸ್ ಬಿಟ್ಟು ಕಾಂಗ್ರೆಸ್ ಸೇರಿದ ಸಿದ್ದರಾಮಯ್ಯನವರು 2006ರ ಡಿಸೆಂಬರಿನಲ್ಲಿ ಅಲ್ಲಿ ಕೇವಲ 257 ಮತಗಳಿಂದ ಗೆದ್ದರು. ರಾಜ್ಯವನ್ನು ಆಳುತ್ತಿದ್ದ ಜೆಡಿಎಸ್–ಬಿಜೆಪಿ ಮೈತ್ರಿ ಅದರಿಂದ ಬೀಳಲಿಲ್ಲ. ಮರುವರ್ಷ ಬಿದ್ದದ್ದು ಅಧಿಕಾರ ಹಸ್ತಾಂತರದ ಒಳಜಗಳದಿಂದ.

ಗಾಳಿಯ ಮಾತು ಇಷ್ಟು ಸುಲಭವಲ್ಲ, ಮತ್ತು ಇದಕ್ಕೆ ಮಂಡ್ಯಕ್ಕಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. 2018ರ ಉಪಚುನಾವಣೆಯಲ್ಲಿ ಎಲ್.ಆರ್. ಶಿವರಾಮೇಗೌಡರಿಗೆ ಬಂದದ್ದು 5,69,347 ಮತ, ಗೆಲುವಿನ ಅಂತರ 3,24,943. ಕ್ಷೇತ್ರದ ಎಂಟೂ ವಿಧಾನಸಭಾ ಸ್ಥಾನಗಳು ಆಗ ದಳದವರ ಕೈಯಲ್ಲಿದ್ದವು, ಜೊತೆಗೆ ಕಾಂಗ್ರೆಸ್ಸಿನ ಮೈತ್ರಿ. ಆರು ತಿಂಗಳು ತುಂಬುವುದರೊಳಗೆ, 2019ರ ಏಪ್ರಿಲ್ 18ರ ಮತದಾನದಲ್ಲಿ, ನಿಖಿಲ್ ಕುಮಾರಸ್ವಾಮಿಯವರಿಗೆ 5,77,784 ಮತಗಳು ಬಂದವು. ಅಂದರೆ ಜೆಡಿಎಸ್ ಮತ ಕರಗಲಿಲ್ಲ, ಎಂಟು ಸಾವಿರದಷ್ಟು ಏರಿತು. ಆದರೂ ಪಕ್ಷೇತರರಾಗಿ ನಿಂತ ಸುಮಲತಾ ಅಂಬರೀಶ್ 1,25,876 ಮತಗಳ ಅಂತರದಿಂದ ಗೆದ್ದರು. ನವೆಂಬರಿನಲ್ಲಿ ಮನೆಯಲ್ಲೇ ಉಳಿದಿದ್ದವರು ಏಪ್ರಿಲ್‌ನಲ್ಲಿ ಮತಗಟ್ಟೆಗೆ ಬಂದಿದ್ದರು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಮತದಾನದ ಶಾಯಿಯನ್ನು ಮಂಡ್ಯದವರ ಬೆರಳಿಗೆ ಹನ್ನೆರಡು ತಿಂಗಳೊಳಗೆ ವಿಧಾನಸಭೆಗೆ, ಉಪಚುನಾವಣೆಗೆ, ಲೋಕಸಭೆಗೆ ಎಂದು ಮೂರು ಬಾರಿ ಹಚ್ಚುವ ಸಂದರ್ಭ ಬಂದಿತ್ತು. ನಡುವಿನದಕ್ಕೆ, ದೀಪಾವಳಿಯ ಹೊಸ್ತಿಲಲ್ಲಿ ನಡೆದದ್ದಕ್ಕೆ, ಬಂದವರು ಅರ್ಧಕ್ಕಿಂತ ತುಸು ಹೆಚ್ಚು, ಕೊನೆಯದಕ್ಕೆ ನೂರಕ್ಕೆ ಎಂಬತ್ತು ಮಂದಿ.

ಸೋತವರ ಮತವನ್ನೂ ನೋಡಬೇಕಿತ್ತು, ಆಗ ನೋಡಿದವರು ಕಡಿಮೆ. 2014ರಲ್ಲಿ ಒಂದು ಲಕ್ಷವನ್ನೂ ಮುಟ್ಟದ ಬಿಜೆಪಿಗೆ ಆ ಉಪಚುನಾವಣೆಯಲ್ಲಿ 2,44,404 ಮತಗಳು ಬಿದ್ದಿದ್ದವು. ಹಾಲಿನ ಡೇರಿ, ಸೊಸೈಟಿ, ಪಂಚಾಯಿತಿ ಚುನಾವಣೆಗಳಲ್ಲಿ ವರ್ಷಗಟ್ಟಲೆ ಎದುರುಬದುರು ನಿಂತ ಜೆಡಿಎಸ್, ಕಾಂಗ್ರೆಸ್ ಎಂಬ ಎರಡು ಗುಂಪಿನವರಿಗೆ, ಮೇಲಿನವರು ಕೈಕುಲುಕಿದರೆಂಬ ಕಾರಣಕ್ಕೆ ಒಂದೇ ಗುಂಡಿ ಒತ್ತಿರೆಂದು ಹೇಳಿದರೆ ಕೆಲವರು ಮನೆಯಲ್ಲಿ ಉಳಿಯುತ್ತಾರೆ, ಕೆಲವರು ಮೂರನೆಯ ಗುಂಡಿ ಹುಡುಕುತ್ತಾರೆ. ಆ ಅಸಮಾಧಾನದ ಗುರುತು ಈ ಅಂಕಿಯಲ್ಲಿತ್ತೆಂದೇ ನನ್ನ ಅಭಿಪ್ರಾಯ. ಗೋರಖ್‌ಪುರ, ಫೂಲ್‌ಪುರ, ಕೈರಾನಾ, ನಮ್ಮ ಬಳ್ಳಾರಿ, ನಾಲ್ಕೂ 2019ರಲ್ಲಿ ಬಿಜೆಪಿಗೆ ಮರಳಿದವು ಎಂಬುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಆರು ತಿಂಗಳ ಸಂಸದರಿಗಾಗಿ ಅಷ್ಟು ಖರ್ಚು ಮಾಡಿ ಚುನಾವಣೆ ನಡೆಸಲೇಬೇಕಿತ್ತೇ?
– ಓದುಗರು, ಮೈಸೂರು

ಉತ್ತರ: ನಡೆಸಲೇಬೇಕಿತ್ತು. 1951ರ ಜನಪ್ರತಿನಿಧಿ ಕಾಯ್ದೆಯ 151ಎ ಕಲಮಿನಂತೆ ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ಮುಗಿಯಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ, ಇಲ್ಲವೇ ಆ ಅವಧಿಯಲ್ಲಿ ಚುನಾವಣೆ ಕಷ್ಟವೆಂದು ಆಯೋಗ ಕೇಂದ್ರದೊಂದಿಗೆ ಸಮಾಲೋಚಿಸಿ ಪ್ರಮಾಣೀಕರಿಸಿದರೆ ಮಾತ್ರ ವಿನಾಯಿತಿ. ಆ ಲೋಕಸಭೆಯ ಅವಧಿ 2019ರ ಜೂನ್ 3ರವರೆಗಿತ್ತು. ವಿಧಾನಸಭೆಗೆ ಆರಿಸಿಬಂದ ನಮ್ಮ ಮೂವರು ಸಂಸದರ ಸ್ಥಾನಗಳು ತೆರವಾದದ್ದು 2018ರ ಮೇ ತಿಂಗಳಲ್ಲಿ, ಒಂದು ವರ್ಷಕ್ಕೆ ಕೆಲವು ದಿನ ಹೆಚ್ಚು ಉಳಿದಿರುವಾಗ. ಆಂಧ್ರದ ಐವರು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್‌ನಲ್ಲಿ. ಅಲ್ಲಿ ಉಪಚುನಾವಣೆ ನಡೆಯಲಿಲ್ಲ.