ಮಕ್ಕಳ ರೋಗನಿರೋಧಕ ಶಕ್ತಿಗೆ ಟಾನಿಕ್ ಕೊಡಬೇಕೇ? ಮಕ್ಕಳ ಆರೋಗ್ಯಕ್ಕೆ ನಿಜವಾಗಿ ಪುರಾವೆ ಇರುವುದು ಯಾವುದಕ್ಕೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಮೂರು ವರ್ಷದ ಮಗಳು ಶಿಶುವಿಹಾರಕ್ಕೆ ಹೋಗತೊಡಗಿದ ಮೇಲೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ನೆಗಡಿ, ಜ್ವರ ಬರುತ್ತಿರುವುದರಿಂದ ರೋಗನಿರೋಧಕ ಶಕ್ತಿ ಹೆಚ್ಚಿಸುವ ಟಾನಿಕ್ ಕೊಡಬೇಕೇ ಎಂಬುದು ಒಂದು. ಮಕ್ಕಳನ್ನು ಆರೋಗ್ಯವಾಗಿಡಲು ವೈಜ್ಞಾನಿಕ ಪುರಾವೆ ಇರುವ ಕ್ರಮಗಳು ಯಾವುವು ಎಂಬುದು ಇನ್ನೊಂದು. ಮಕ್ಕಳ ವೈದ್ಯನಾಗಿ ಎರಡಕ್ಕೂ ಉತ್ತರಿಸುತ್ತೇನೆ.

ಟಾನಿಕ್ ಬೇಡ. ನೆಗಡಿಯನ್ನು ಉಂಟುಮಾಡುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು ಬಗೆಯವು. ಮಗುವಿನ ದೇಹಕ್ಕೆ ಅವುಗಳಲ್ಲಿ ಬಹುಪಾಲು ಹೊಸವು. ಒಂದೊಂದನ್ನೂ ಎದುರಿಸಿದ ಮೇಲೆಯೇ ಅದರ ಗುರುತು ದೇಹದಲ್ಲಿ ಉಳಿಯುತ್ತದೆ. ಆದ್ದರಿಂದ ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿಯಾಗುವುದು ಸಾಮಾನ್ಯ, ಹತ್ತಾರು ಮಕ್ಕಳ ಜೊತೆ ಕಳೆಯತೊಡಗಿದ ಮೊದಲ ವರ್ಷದಲ್ಲಿ ಅದಕ್ಕಿಂತ ಹೆಚ್ಚೂ ಆಗಬಹುದು. ಒಂದು ನೆಗಡಿ ವಾಸಿಯಾಗಲು ಹತ್ತು ದಿನ ಹಿಡಿಯುತ್ತದೆ, ಕೆಮ್ಮು ಮೂರು ವಾರದವರೆಗೂ ಉಳಿಯಬಹುದು. ಹಾಗಾಗಿ ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿ, ಮಗು ಸದಾ ಕಾಯಿಲೆಯಲ್ಲೇ ಇದೆ ಎಂದು ಪೋಷಕರಿಗೆ ಅನ್ನಿಸುತ್ತದೆ. ನಾನು ಎಣಿಸುವುದು ನೆಗಡಿಗಳ ಸಂಖ್ಯೆಯನ್ನಲ್ಲ. ತೂಕ, ಎತ್ತರ ವಯಸ್ಸಿಗೆ ತಕ್ಕಂತೆ ಏರುತ್ತಿವೆಯೇ, ಎರಡು ಕಾಯಿಲೆಗಳ ನಡುವೆ ಮಗು ಚೆನ್ನಾಗಿ ಆಡಿಕೊಂಡಿರುತ್ತದೆಯೇ ಎಂದು ನೋಡುತ್ತೇನೆ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಆಗಿದ್ದರೆ, ಆಳವಾದ ಕೀವುಗುಳ್ಳೆಗಳು ಮತ್ತೆ ಮತ್ತೆ ಏಳುತ್ತಿದ್ದರೆ, ತೂಕ ನಿಂತೇ ಹೋಗಿದ್ದರೆ ಅಥವಾ ಕುಟುಂಬದಲ್ಲಿ ರೋಗನಿರೋಧಕ ಶಕ್ತಿಯ ಕೊರತೆಯ ಕಾಯಿಲೆ ಇದ್ದರೆ ಮಾತ್ರ ವಿಶೇಷ ಪರೀಕ್ಷೆಗಳು ಬೇಕಾಗುತ್ತವೆ.

ವಿಟಮಿನ್ ಸಿ ಬಗ್ಗೆಯೂ ನೀವು ಕೇಳಿದ್ದೀರಿ. ಅದನ್ನು ದಿನವೂ ನುಂಗುವುದರಿಂದ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ತಪ್ಪುವುದಿಲ್ಲ, ಬಂದ ನೆಗಡಿಯ ಅವಧಿ ಅಲ್ಪಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂದ ಫಲಿತಾಂಶ. ಹಣ್ಣು, ತರಕಾರಿ ತಿನ್ನುವ ಮಗುವಿಗೆ ಬೇಕಾದ ವಿಟಮಿನ್ ಸಿ ಊಟದಲ್ಲೇ ಸಿಗುತ್ತದೆ. ಆ್ಯಂಟಿಬಯೋಟಿಕ್‌ಗಳಿಗಂತೂ ವೈರಸ್‌ಗಳ ಮೇಲೆ ಯಾವ ಪರಿಣಾಮವೂ ಇಲ್ಲ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾದ ಸೋಂಕು ಎಂದಾಗುವುದಿಲ್ಲ. ನೆಗಡಿ, ಕೆಮ್ಮಿಗೆ ಅಂಗಡಿಯಲ್ಲಿ ಸಿಗುವ ಸಿರಪ್‌ಗಳಿಂದ ಚಿಕ್ಕ ಮಕ್ಕಳಿಗೆ ಲಾಭವಾಗುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ, ಅತಿ ನಿದ್ರೆ, ಉಸಿರಾಟದ ತೊಂದರೆಗಳಂಥ ಅಪಾಯಗಳು ಮಾತ್ರ ಇವೆ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ನಾನು ಅವನ್ನು ಬರೆಯುವುದಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುನ್ನ ಅರ್ಧ ಅಥವಾ ಒಂದು ಚಮಚ ಜೇನುತುಪ್ಪ ಕೊಟ್ಟರೆ ರಾತ್ರಿಯ ಕೆಮ್ಮು ಕಡಿಮೆಯಾಗುತ್ತದೆ ಎಂಬುದಕ್ಕೆ ಪುರಾವೆ ಇದೆ. ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪವನ್ನು ನೆಕ್ಕಿಸಲೂ ಬಾರದು, ಏಕೆಂದರೆ ಅದರಲ್ಲಿರಬಹುದಾದ ಬಾಟುಲಿಸಂ ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುವಿನ ಕರುಳಿನಲ್ಲಿ ಬೆಳೆದು ಪ್ರಾಣಾಪಾಯ ತರಬಲ್ಲವು. ಔಷಧ ಬರೆಯದೆ ಕಳಿಸಿದರೆ ವೈದ್ಯರು ಏನೂ ಮಾಡಲಿಲ್ಲ ಎಂದು ಪೋಷಕರಿಗೆ ಅನ್ನಿಸುವುದು ಸಹಜ. ಆದರೆ ಮಗುವನ್ನು ಪೂರ್ತಿಯಾಗಿ ಪರೀಕ್ಷಿಸಿ, ಔಷಧ ಬೇಡವೆಂದು ತೀರ್ಮಾನಿಸಿ, ಅದರ ಕಾರಣವನ್ನು ತಿಳಿಸಿ ಹೇಳುವುದು ಚಿಕಿತ್ಸೆಯೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುತ್ತದೆ ಎಂದು ನಿಸ್ಸಂದೇಹವಾಗಿ ಹೇಳಬಹುದಾದ ವಸ್ತು ಒಂದಿದ್ದರೆ ಅದು ಲಸಿಕೆ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನ ಎಲ್ಲ ಮಕ್ಕಳಿಗೂ ಲಸಿಕೆ ತಲುಪಿಸುವ ಕಾರ್ಯಕ್ರಮವನ್ನು ಆರಂಭಿಸಿತು; ಅಲ್ಲಿಂದ ಐವತ್ತು ವರ್ಷಗಳಲ್ಲಿ ಲಸಿಕೆಗಳು ಸುಮಾರು 15.4 ಕೋಟಿ ಜೀವಗಳನ್ನು ಉಳಿಸಿವೆ ಎಂದು 2024ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ದಡಾರದ ಲಸಿಕೆಯದು. ದಡಾರವನ್ನು ಮೈಮೇಲೆ ದದ್ದು ಎದ್ದು ಹೋಗುವ ಸಣ್ಣ ಕಾಯಿಲೆಯೆಂದು ತಿಳಿದವರು ಈಗಲೂ ಇದ್ದಾರೆ. ಲಸಿಕೆಯಿಲ್ಲದ ಸಮಾಜದಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ಹರಡಬಲ್ಲದು. ನ್ಯುಮೋನಿಯಾ, ಮಿದುಳಿನ ಉರಿಯೂತಗಳಿಗೆ ಕಾರಣವಾಗಬಲ್ಲದು. ಇವೆಲ್ಲಕ್ಕಿಂತ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಇನ್ನೊಂದು ಅಂಶವಿದೆ. ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ, ಬೇರೆ ಬೇರೆ ರೋಗಾಣುಗಳ ವಿರುದ್ಧ ಅವರಲ್ಲಿ ಮೊದಲೇ ಇದ್ದ ಪ್ರತಿಕಾಯಗಳಲ್ಲಿ (ರೋಗಾಣುಗಳನ್ನು ಗುರುತಿಸಿ ಹಿಡಿಯುವ ರಕ್ತದ ಪ್ರೋಟೀನ್‌ಗಳಲ್ಲಿ) ಶೇ. 11ರಿಂದ 73ರಷ್ಟು ಅಳಿಸಿಹೋಗಿದ್ದವು ಎಂದು 2019ರ ಅಧ್ಯಯನವೊಂದು ತೋರಿಸಿತು. ವರ್ಷಗಟ್ಟಲೆ ನೆಗಡಿ ಜ್ವರಗಳನ್ನು ಅನುಭವಿಸಿ ಮಗು ಗಳಿಸಿದ ರಕ್ಷಣೆಯನ್ನೇ ಆ ಒಂದು ಕಾಯಿಲೆ ಕಸಿದುಕೊಳ್ಳುತ್ತದೆ.

ದಡಾರದ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ಭಯ ನಿಮಗಿದ್ದರೆ, ಅದರ ಮೂಲ 1998ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಕೇವಲ 12 ಮಕ್ಕಳ ಬಗ್ಗೆ ಬಂದ ಲೇಖನ. ಅದನ್ನು 2010ರಲ್ಲಿ ಪತ್ರಿಕೆಯೇ ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಯಾವ ಸಂಬಂಧವೂ ಕಾಣಲಿಲ್ಲ. ಆದ್ದರಿಂದ ಟಾನಿಕ್ ಕೊಳ್ಳುವ ಮೊದಲು ಮಗಳ ಲಸಿಕೆ ಕಾರ್ಡನ್ನು ತೆಗೆದು ನೋಡಿ, ತಪ್ಪಿಹೋದ ಡೋಸ್ ಇದ್ದರೆ ಹಾಕಿಸಿ. ತಡವಾಗಿದ್ದರೂ ಮತ್ತೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು.

ಊಟದ ವಿಷಯದಲ್ಲಿ ಈ ವಯಸ್ಸಿನಲ್ಲಿ ನಾನು ಹೆಚ್ಚು ಗಮನ ಕೊಡುವುದು ಕಬ್ಬಿಣಾಂಶಕ್ಕೆ. ಊಟ ಮಾಡದ ಮಗುವಿಗೆ ಹಾಲಾದರೂ ಹೋಗಲಿ ಎಂದು ದಿನಕ್ಕೆ ಲೀಟರುಗಟ್ಟಲೆ ಕುಡಿಸುವ ಮನೆಗಳಿವೆ. ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ, ಹೊಟ್ಟೆ ತುಂಬಿದ ಮಗು ಬೇರೇನನ್ನೂ ತಿನ್ನುವುದಿಲ್ಲ, ಕೊನೆಗೆ ರಕ್ತಹೀನತೆ ಬರುತ್ತದೆ. ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಬೇಳೆಕಾಳು, ಸೊಪ್ಪು, ಮೊಟ್ಟೆ, ತಿನ್ನುವವರಾದರೆ ಮಾಂಸ, ಜೊತೆಗೆ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುವ ಹುಳಿ ಹಣ್ಣು ಇರಲಿ. ಹಣ್ಣಿನ ರಸಕ್ಕಿಂತ ಹಣ್ಣೇ ಮೇಲು. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂಬುದನ್ನು ನೀವು ನಿರ್ಧರಿಸಿ, ಎಷ್ಟು ತಿನ್ನಬೇಕು ಎಂಬುದನ್ನು ಮಗುವಿಗೆ ಬಿಡಿ.

ಸಾಬೂನಿನಿಂದ ಕೈತೊಳೆಯುವ ಅಭ್ಯಾಸದಿಂದ ಭೇದಿಯ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ಭೇದಿ ಬಂದಾಗ ಓಆರ್‌ಎಸ್ ಪ್ಯಾಕೆಟ್ಟನ್ನು ಅದರ ಮೇಲೆ ಬರೆದಿರುವಷ್ಟೇ ನೀರಿಗೆ ಪೂರ್ತಿಯಾಗಿ ಬೆರೆಸಿ, ವಾಂತಿಯಾಗುತ್ತಿದ್ದರೂ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. ಜೊತೆಗೆ ವೈದ್ಯರು ಹೇಳಿದಂತೆ 10ರಿಂದ 14 ದಿನ ಸತು (ಜಿಂಕ್) ಕೊಟ್ಟರೆ ಭೇದಿ ಬೇಗ ನಿಲ್ಲುತ್ತದೆ. ಮನೆಯಲ್ಲಿ ಯಾರಾದರೂ ಧೂಮಪಾನ ಮಾಡುತ್ತಿದ್ದರೆ ಮಗುವಿನ ಕೆಮ್ಮು, ಕಿವಿಯ ಸೋಂಕು, ಉಬ್ಬಸಕ್ಕೆ ಅದೇ ಕಾರಣವಾಗಿರಬಹುದು. ಕಿಟಕಿ ತೆರೆದರೆ ಸಾಲದು, ಮನೆಯೊಳಗೆ ಸೇದುವುದೇ ನಿಲ್ಲಬೇಕು. ಮೂರು ವರ್ಷದ ಮಗುವಿಗೆ ಮಧ್ಯಾಹ್ನದ ನಿದ್ರೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ ನಿದ್ರೆ ಬೇಕು, ಮೊಬೈಲ್, ಟಿವಿ ಒಂದು ಗಂಟೆಗಿಂತ ಹೆಚ್ಚು ಬೇಡ.

ಜ್ವರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪೋಷಕರ ನಿದ್ದೆಗೆಡಿಸುವುದು ಅದೇ. ಜ್ವರ ಸೋಂಕಿನ ವಿರುದ್ಧ ದೇಹ ತಾನೇ ಹೂಡುವ ಪ್ರತಿಕ್ರಿಯೆ. ಸೋಂಕಿನಿಂದ ಬರುವ ಸಾಮಾನ್ಯ ಜ್ವರ ಮಿದುಳಿಗೆ ಹಾನಿ ಮಾಡುವುದಿಲ್ಲ. ಥರ್ಮಾಮೀಟರಿನ ಅಂಕಿಯನ್ನು ಇಳಿಸುವುದಕ್ಕಾಗಿ ಔಷಧ ಕೊಡಬೇಕಾಗಿಲ್ಲ. ಮಗು ಸಂಕಟಪಡುತ್ತಿದ್ದರೆ ಪ್ಯಾರಾಸಿಟಮಾಲ್ ಕೊಡಿ, ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 15 ಮಿಲಿಗ್ರಾಂ, ಎರಡು ಡೋಸ್‌ಗಳ ನಡುವೆ ಆರು ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರದಿರಲಿ. ಹನಿಗಳ ಬಾಟಲಿಗೂ ಸಿರಪ್ಪಿಗೂ ಔಷಧದ ಸಾಂದ್ರತೆ ಬೇರೆ ಬೇರೆಯಾಗಿರುವುದರಿಂದ ಪ್ರತಿ ಸಲವೂ ಲೇಬಲ್ ಓದಿ, ಅಡುಗೆಮನೆಯ ಚಮಚದ ಬದಲು ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ. ತಣ್ಣೀರಿನಿಂದ ಮೈ ಒರೆಸಬೇಡಿ, ಮಗು ನಡುಗಿ ಇನ್ನಷ್ಟು ಸಂಕಟಪಡುತ್ತದೆ. ಆ್ಯಸ್ಪಿರಿನ್ ಮಾತ್ರ ಎಂದಿಗೂ ಬೇಡ; ವೈರಸ್ ಜ್ವರದಲ್ಲಿ ಅದನ್ನು ಕೊಟ್ಟ ಮಕ್ಕಳಲ್ಲಿ ಯಕೃತ್ತು, ಮಿದುಳುಗಳನ್ನು ಬಾಧಿಸುವ ರೈ ಸಿಂಡ್ರೋಮ್ ಕಂಡುಬಂದಿದೆ.

ಜ್ವರ ಎಷ್ಟಿದೆ ಎನ್ನುವುದಕ್ಕಿಂತ ಮಗು ಹೇಗಿದೆ ಎನ್ನುವುದೇ ಮುಖ್ಯ ಎಂಬ ಮಾತಿಗೆ ಒಂದು ಅಪವಾದವಿದೆ: ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ತುರ್ತು ಪರಿಸ್ಥಿತಿ. ನಿಮ್ಮ ಮಗಳ ವಯಸ್ಸಿನಲ್ಲಿ ನೀವೇ ಮಾಡಬಹುದಾದ ಅತ್ಯುಪಯುಕ್ತ ಪರೀಕ್ಷೆ ಉಸಿರು ಎಣಿಸುವುದು. ಮಗು ಅಳದೆ ಶಾಂತವಾಗಿರುವಾಗ ಅಂಗಿ ಎತ್ತಿ, ಎದೆ ಹೊಟ್ಟೆಗಳ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಗುವಿನಲ್ಲಿ ಅದು ನಿಮಿಷಕ್ಕೆ 40 ಅಥವಾ ಹೆಚ್ಚಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಏನನ್ನೂ ಕುಡಿಯಲಾಗದಿದ್ದರೆ, ಎಂಟು ಗಂಟೆಯಿಂದ ಮೂತ್ರ ಹೋಗದಿದ್ದರೆ, ಎಬ್ಬಿಸಿದರೂ ಸರಿಯಾಗಿ ಎಚ್ಚರಗೊಳ್ಳದಿದ್ದರೆ, ಫಿಟ್ಸ್ ಬಂದಿದ್ದರೆ ಅಥವಾ ಒತ್ತಿದರೂ ಮಾಸದ ಕೆಂಪು, ನೇರಳೆ ಚುಕ್ಕೆಗಳು ಮೈಮೇಲೆ ಎದ್ದಿದ್ದರೆ, ನಡುರಾತ್ರಿಯಾಗಿದ್ದರೂ ಬೆಳಗಿನವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.